ಕಾಳಿಂಗನ ಪಾಲು

ಆಂಧ್ರದ ಗಡಿಯಲ್ಲಿರುವ ನಮ್ಮ ಹೇಮಾವತಿ ಬಯಲುಸೀಮೆ. ಇಲ್ಲಿ ಕಾಳಿಂಗ ಸರ್ಪವಿಲ್ಲ. ಇರುವುದು ನಾಗರಹಾವು. ಹುತ್ತಕ್ಕೆ ಹಾಲೆರೆಯುವವರೇ ಹೊಲದಲ್ಲಿ ಹಾವು ಕಂಡರೆ ದೊಣ್ಣೆ ಎತ್ತುವುದೂ ಉಂಟು. ಕಾಸರಗೋಡಿನ ನಾಗಬನ, ಸರ್ಪಕಾವುಗಳಲ್ಲಿ ಭಾಷೆ ಎರಡಾದರೂ ಭಕ್ತಿ ಒಂದೇ. ಆದರೆ ಬನದಿಂದಾಚೆ ಬಂದ ಹಾವಿನ ಬಗ್ಗೆ ನಮ್ಮ ಕರ್ತವ್ಯವೇನು?

ಆಗುಂಬೆಯ ಸುತ್ತ ಇದಕ್ಕೊಂದು ಉತ್ತರವಿದೆ. ಅಲ್ಲಿ 2005ರಲ್ಲಿ ರೋಮುಲಸ್ ವಿಟೇಕರ್ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಕಾಳಿಂಗ ಮನೆಯೊಳಗೆ ಬಂದರೆ ಜನ ಕೊಲ್ಲದೆ ಹೇಳಿಕಳಿಸುತ್ತಾರೆ. ಬಲ್ಲವರು ಬಂದು ಹಿಡಿದು ಸಮೀಪದ ಕಾಡಿಗೇ ಬಿಡುತ್ತಾರೆ. ಹೆಣ್ಣು ಕಾಳಿಂಗ ತರಗೆಲೆ ಗುಡ್ಡೆಹಾಕಿ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಆ ಗೂಡು ತೋಟದಂಚಿನಲ್ಲಿದ್ದರೆ, ಮರಿಯಾಗುವ ತನಕ ಎರಡು ಮೂರು ತಿಂಗಳು ತೋಟದವರು ಆ ಮೂಲೆಯನ್ನು ಬಿಟ್ಟುಕೊಡಬೇಕು.

1972ರ ವನ್ಯಜೀವಿ ಕಾಯಿದೆ ಕೊಂದವನನ್ನು ಶಿಕ್ಷಿಸಬಲ್ಲದು. ತರಗೆಲೆ ಗುಡಿಸದಿರಲು ಮನಸ್ಸನ್ನು ಒಪ್ಪಿಸಲಾರದು. ಬ್ಯಾಂಕಿನ ನನ್ನ ಮೇಜಿನಲ್ಲಿ ಸಹಿಯಿಲ್ಲದ ಕರಾರು ನಡೆಯದು. ಅಲ್ಲಿ ಮಾತೇ ಕರಾರು. ಆದರೆ ಅಪಾಯ ತೋಟದವರದು, ಹೆಮ್ಮೆ ಮಾತ್ರ ಪಟ್ಟಣದವರದು ಎಂದಾದರೆ ಅದು ಪಾಲುದಾರಿಕೆಯಲ್ಲ. ಕರೆದಾಗ ಬರುವವರಿದ್ದರೆ ಭಯವೂ ಹಂಚಿಹೋಗುತ್ತದೆ.

2024ರಲ್ಲಿ ವಿಜ್ಞಾನಿಗಳು ಪಶ್ಚಿಮಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ, ಅದಕ್ಕೆ ಕನ್ನಡದ ಹೆಸರನ್ನೇ ಇಟ್ಟರು. ಹೆಸರು ಕೊಟ್ಟ ನಾವು ಜಾಗವನ್ನೂ ಕೊಡಬೇಡವೇ?