ಸದ್ದಿನಿಂದ ಕಾರಣದೆಡೆಗೆ

ಕಣ್ಣಿಗೆ ಕಾಣದ ವಸ್ತುವನ್ನು ಕುರಿತು ನಿಶ್ಚಯವಾಗಿ ನುಡಿಯುವ ಅಧಿಕಾರ ಮನುಷ್ಯನಿಗೆ ಎಲ್ಲಿಂದ ಬಂದಿತು, ಆ ಅಧಿಕಾರದ ಎಲ್ಲೆ ಯಾವುದು ಎಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಪರ್ವತದ ಮೇಲಣ ಹೊಗೆಯಿಂದ ಬೆಂಕಿಯನ್ನು ತಿಳಿಯುವ ದೃಷ್ಟಾಂತವನ್ನು ಮುಂದಿಟ್ಟುಕೊಂಡು ಶತಮಾನಗಳ ಕಾಲ ವಿಚಾರಮಾಡಿದರು. ಆ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಪರೀಕ್ಷಿಸಿ ನೋಡಲು ನನಗೆ ಬಹು ಯೋಗ್ಯವಾಗಿ ತೋರುವ ಸ್ಥಳ ಮಂಗಳೂರಿನ ಬಳಿಯ ವಾಮಂಜೂರಿನ ರಸ್ತೆ. ನಂತೂರಿನಿಂದ ಹೊರಟು, ಕುಲಶೇಖರ, ಕುಡುಪುಗಳನ್ನು ದಾಟಿ, ವಾಮಂಜೂರಿನ ಮುರಕಲ್ಲಿನ ಎತ್ತರವನ್ನೇರಿ, ಅಲ್ಲಿಂದ ಗುರುಪುರದ ಹೊಳೆಯ ಕಡೆಗಿಳಿದು ಮೂಡುಬಿದಿರೆಯತ್ತ ಸಾಗುವ ಆ ಹೆದ್ದಾರಿಯಲ್ಲಿ ಏರು, ಇಳಿಜಾರು, ತಿರುವು, ಸಮತಟ್ಟು ಎಲ್ಲವೂ ಒದಗುವುದರಿಂದ, ಹಳೆಯ ಕಾರೊಂದರ ಒಡಲಲ್ಲಿ ಅಡಗಿರುವ ದೋಷಗಳು ಅಲ್ಲಿ ಒಂದಲ್ಲ ಒಂದು ಕಡೆ ದನಿಗೊಟ್ಟೇ ತೀರುತ್ತವೆ.

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರ ತನಕ ತಯಾರಾಗುತ್ತಿದ್ದ ಅಂಬಾಸಿಡರ್ ಕಾರನ್ನೇ, ಅದರ ಹಳೆಯ ನಾಲ್ಕು ಗೇರಿನ ರೂಪದಲ್ಲಿ, ಉದಾಹರಣೆಗೆ ತೆಗೆದುಕೊಳ್ಳೋಣ. ಎಂಜಿನ್ನಿನ ಬಲ ಕ್ಲಚ್ಚನ್ನು ಹಾದು ಗೇರ್ ಬಾಕ್ಸಿಗೂ, ಅಲ್ಲಿಂದ ಕಾರಿನ ಹೊಟ್ಟೆಯ ಕೆಳಗೆ ತಿರುಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಿನ ಕ್ರೌನ್ ಪಿನಿಯನ್ನಿಗೂ, ಕಡೆಗೆ ಹಿಂಬದಿಯ ಚಕ್ರಗಳಿಗೂ ಸಲ್ಲುತ್ತದೆ. ಈ ಶಾಫ್ಟನ್ನೂ ಚಕ್ರಗಳನ್ನೂ ಉಳಿದು ಈ ಅಂಗಗಳೆಲ್ಲವೂ ಲೋಹದ ಕವಚದೊಳಗಿದ್ದು, ಗೇರ್ ಬಾಕ್ಸನ್ನು ಇಳಿಸಿ ಬಿಚ್ಚದ ಹೊರತು ಅದರ ಒಂದು ಹಲ್ಲೂ ಕಾಣದು. ಬಿಚ್ಚುವುದೆಂದರೆ ದಿನಗಟ್ಟಲೆಯ ಕೆಲಸ, ಮಾಲಿಕನಿಗೆ ದೊಡ್ಡ ವೆಚ್ಚ. ಆದುದರಿಂದ ಮೆಕ್ಯಾನಿಕ್ಕನು ಬಿಚ್ಚುವುದಕ್ಕೆ ಮೊದಲು ಕೇಳಲೇಬೇಕು. ಕೇಳಿದುದರಿಂದ ಕಾಣದುದನ್ನು ನಿರ್ಣಯಿಸಲೇಬೇಕು.

ಅವನ ನಿರ್ಣಯದ ಕ್ರಮವನ್ನು ಸಾವಧಾನದಿಂದ ಗಮನಿಸಬೇಕು. ನಿಂತ ಕಾರಿನ ಎಂಜಿನ್ನು ಓಡುತ್ತಿದೆ, ಗೇರು ನ್ಯೂಟ್ರಲಿನಲ್ಲಿದೆ, ಒಳಗಿನಿಂದ ಗರಗರ ಎಂಬ ದನಿ ಬರುತ್ತಿದೆ. ಅವನು ಕ್ಲಚ್ಚನ್ನು ಒತ್ತುತ್ತಾನೆ. ಒತ್ತಿದೊಡನೆ ಗೇರ್ ಬಾಕ್ಸಿನೊಳಕ್ಕೆ ಹೋಗುವ ಶಾಫ್ಟು ಎಂಜಿನ್ನಿನಿಂದ ಬೇರ್ಪಟ್ಟು ನಿಲ್ಲುವುದರಿಂದ, ಸದ್ದೂ ಅದರೊಡನೆ ನಿಂತುಹೋದರೆ, ದೋಷವು ಆ ಶಾಫ್ಟಿನ ಬೇರಿಂಗಿನಲ್ಲಿಯೋ, ಅದರೊಂದಿಗೆ ತಿರುಗುವ ಕೆಳಗಿನ ಲೇ ಶಾಫ್ಟಿನಲ್ಲಿಯೋ ಇರಬೇಕು. ಅದಕ್ಕೆ ಪ್ರತಿಯಾಗಿ, ಒತ್ತಿದಾಗಲೇ ಸದ್ದು ಹುಟ್ಟಿದರೆ ಸಂಶಯ ಕ್ಲಚ್ ಬೇರಿಂಗಿನ ಮೇಲೆ ತಿರುಗುತ್ತದೆ. ಬಳಿಕ ಕಾರನ್ನು ಓಡಿಸಿ, ಒಂದು, ಎರಡು, ಮೂರನೆಯ ಗೇರುಗಳಲ್ಲಿ ಕೇಳಿಸುತ್ತಿದ್ದ ಊಳು ನಾಲ್ಕನೆಯದರಲ್ಲಿ ಅಡಗುತ್ತದೆಯೇ ಎಂದು ಕಿವಿಗೊಡುತ್ತಾನೆ. ನಾಲ್ಕನೆಯದರಲ್ಲಿ ಬಲವು ಲೇ ಶಾಫ್ಟಿನ ಹಲ್ಲುಗಳನ್ನು ಹಾಯದೆ ನೇರವಾಗಿ ಹೋಗುವುದರಿಂದ, ಅಲ್ಲಿ ಸದ್ದಡಗಿದರೆ ತಪ್ಪಿತಸ್ಥ ಲೇ ಶಾಫ್ಟೇ ಎಂಬುದಕ್ಕೆ ಬಲವಾದ ಸಾಕ್ಷ್ಯ ದೊರೆತಂತಾಯಿತು. ಇದ್ದಾಗ ಇರುವುದು, ಇಲ್ಲದಾಗ ಇಲ್ಲದಿರುವುದು ಎಂದು ತಾರ್ಕಿಕರು ಹೇಳುವ ಅನ್ವಯ, ವ್ಯತಿರೇಕಗಳೆರಡನ್ನೂ ಅವನು ತನ್ನ ಕಾಲಿನಿಂದಲೂ ಕೈಯಿಂದಲೂ ಸಾಧಿಸುತ್ತಾನೆ; ಒಂದು ಸಲಕ್ಕೆ ಒಂದನ್ನೇ ಬದಲಿಸುವ ಅವನ ಸಂಯಮವನ್ನು ನಾನು ವಿದ್ಯೆಯೆಂದಲ್ಲದೆ ಬೇರೆ ಹೆಸರಿನಿಂದ ಕರೆಯಲಾರೆ.

ಹಿಂಬದಿಯ ಸದ್ದುಗಳಿಗೂ ಇಂಥದೇ ಪರೀಕ್ಷೆಗಳುಂಟು. ಹೊರಡುವಾಗ ಒಮ್ಮೆ ‘ಟಕ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕೀಲಿನ ಕ್ರಾಸ್ ಸವೆದಿರಬಹುದು. ಆಕ್ಸಿಲರೇಟರ್ ಒತ್ತಿದಾಗ ಕೇಳಿಸುವ ಊಳು, ಗುರುಪುರದ ಇಳಿಜಾರಿನಲ್ಲಿ ಕಾಲು ತೆಗೆದೊಡನೆ ತನ್ನ ಸ್ವರವನ್ನು ಬದಲಿಸಿದರೆ ಅದು ಕ್ರೌನ್ ಪಿನಿಯನ್ನಿನದು. ಎಡಕ್ಕೆ ತಿರುಗುವಾಗ, ಎಂದರೆ ಭಾರವು ಬಲಗಡೆಗೆ ವಾಲುವಾಗ, ಹೆಚ್ಚುವ ಗುಂಯ್ಗುಡಿಕೆ ಬಲಚಕ್ರದ ಬೇರಿಂಗಿನದು.

ಆದರೆ ಇಷ್ಟರಿಂದಲೇ ತೃಪ್ತನಾಗುವವನು ಮೋಸಹೋಗುತ್ತಾನೆ. ಸವೆದ ಟೈರೂ ಬೇರಿಂಗಿನಂತೆಯೇ ಗುಂಯ್ಗುಡುತ್ತದೆ. ಬೇರೆ ಬೇರೆ ಕಾರಣಗಳು ಒಂದೇ ಕುರುಹನ್ನು ತೋರುವ ಈ ತೊಡಕನ್ನು ಗೌತಮನ ನ್ಯಾಯಸೂತ್ರಗಳು ಎರಡನೆಯ ಅಧ್ಯಾಯದಲ್ಲಿ ಎದುರಿಸಿವೆ. ಹೊಳೆ ಉಕ್ಕಿದುದನ್ನು ಕಂಡು ಮೇಲೆ ಮಳೆಯಾಗಿದೆಯೆಂದು ಊಹಿಸುತ್ತೀರಲ್ಲ, ಕೆಳಗೆ ಯಾರೋ ಕಟ್ಟೆ ಕಟ್ಟಿದ್ದರೂ ನೀರು ಏರುವುದಿಲ್ಲವೇ ಎಂದು ಪ್ರತಿವಾದಿ ಕೇಳುತ್ತಾನೆ. ಕಟ್ಟೆಯಿಂದ ನಿಂತ ನೀರು ಬೇರೆ, ಮಳೆಯ ಪ್ರವಾಹ ಬೇರೆ ಎಂಬುದು ಅದಕ್ಕೆ ಉತ್ತರ. ಭಾಷ್ಯಕಾರನಾದ ವಾತ್ಸ್ಯಾಯನನು ಪ್ರವಾಹದ ವೇಗವನ್ನೂ, ನೊರೆಯನ್ನೂ, ಅದು ಹೊತ್ತು ತರುವ ಹಣ್ಣು, ಎಲೆ, ಕಟ್ಟಿಗೆಗಳನ್ನೂ ಕುರುಹುಗಳಾಗಿ ಎತ್ತಿ ತೋರಿಸುತ್ತಾನೆ. ತಪ್ಪಿದ್ದು ಕುರುಹಿನಿಂದ ಕಾಣದುದನ್ನು ತಿಳಿಯುವ ಅನುಮಾನವಲ್ಲ, ಕುರುಹನ್ನು ಅರ್ಧ ನೋಡಿದವನು ತಪ್ಪಿದನು. ಅಂತೆಯೇ ಬಲ್ಲ ಮೆಕ್ಯಾನಿಕ್ಕನು ಡಾಂಬರಿನ ರಸ್ತೆಯಿಂದ ಕಾಂಕ್ರೀಟಿನ ರಸ್ತೆಗೆ ಕಾರನ್ನು ತಂದು, ಸದ್ದು ನೆಲದೊಂದಿಗೆ ಬದಲಾದರೆ ಟೈರೆಂದೂ, ಬದಲಾಗದಿದ್ದರೆ ಬೇರಿಂಗೆಂದೂ ತಿಳಿಯುತ್ತಾನೆ.

ಇನ್ನೊಂದು ತೊಡಕು ಸ್ಥಳದ್ದು. ಕಬ್ಬಿಣದ ಮೈ ಸದ್ದನ್ನು ದೂರ ಒಯ್ಯುವುದರಿಂದ, ಚಾಲಕನ ಕಾಲಡಿಯಲ್ಲಿ ಕೇಳಿಸಿದ್ದು ಹಿಂದಿನ ಆಕ್ಸಲಿನಲ್ಲಿ ಹುಟ್ಟಿರಬಹುದು. ಕುರುಹು ಇರುವೆಡೆಯಲ್ಲಿಯೇ ಕಾರಣವೂ ಇರತಕ್ಕದ್ದೆಂಬ ನಿಯಮವನ್ನು ಒಪ್ಪದವರು ಮಧ್ವಮತದ ಆಚಾರ್ಯರು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ, ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ದೋಷರಹಿತವಾದ ಉಪಪತ್ತಿಯನ್ನೇ ಅನುಮಾನವೆಂದರು. ಜಯತೀರ್ಥರ ‘ಪ್ರಮಾಣಪದ್ಧತಿ’ ಹೇತುವು, ಎಂದರೆ ಕುರುಹು, ತನಗೆ ತಕ್ಕ ದೇಶದಲ್ಲಿದ್ದರೆ ಸಾಕೆಂದಿತು. ಮಳೆ ಮೇಲಣ ದೇಶದಲ್ಲಿ, ನೆರೆ ಕೆಳಗಣ ದೇಶದಲ್ಲಿ. ಆದರೂ ನೆರೆಯಿಂದ ಮಳೆ ಸಿದ್ಧವಾಗುತ್ತದೆ. ಘಟ್ಟದಲ್ಲಿ ಹುಟ್ಟಿ ಬರುವ ಫಲ್ಗುಣಿಯು ಆಷಾಢದಲ್ಲಿ ಗುರುಪುರದ ಸೇತುವೆಯ ಕೆಳಗೆ ಕೆಂಪಾಗಿ ತುಂಬಿ ಹರಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಎಚ್ಚರದಿಂದ ನಡೆದರೂ ಮೆಕ್ಯಾನಿಕ್ಕನ ಮಾತು ಸಾಲದ ಪತ್ರದಂತೆ. ಅದನ್ನು ತೀರಿಸುವುದು ಪ್ರತ್ಯಕ್ಷ. ಅವನು ಗೇರ್ ಬಾಕ್ಸನ್ನು ಇಳಿಸಿ, ಸವೆದ ಬೇರಿಂಗನ್ನು ತೆಗೆದು, ಮಾಲಿಕನ ಅಂಗೈಯಲ್ಲಿಟ್ಟು ತಿರುಗಿಸಿ ತೋರಿಸುತ್ತಾನೆ. ಊಹೆ ಸುಳ್ಳಾಗಿದ್ದರೆ ಅದೂ ಅಲ್ಲಿಯೇ ಎಲ್ಲರೆದುರಿಗೆ ಬಯಲಾಗುತ್ತದೆ. ಹೀಗೆ ಬಯಲಾಗಲು ಒಪ್ಪಿಕೊಂಡೇ ಅವನು ಮಾತನಾಡಿದನೆಂಬುದರಲ್ಲಿ ಅವನ ಮಾತಿನ ಗೌರವವೆಲ್ಲ ಅಡಗಿದೆ.

ಹಾಗಾದರೆ ಎಂದಿಗೂ ಬಿಚ್ಚಿ ನೋಡಲಾಗದ ವಸ್ತುಗಳ ಗತಿಯೇನು? ಹತ್ತನೆಯ ಶತಮಾನದ ನೈಯಾಯಿಕನಾದ ಉದಯನನು ‘ನ್ಯಾಯಕುಸುಮಾಂಜಲಿ’ಯಲ್ಲಿ ಕಾರ್ಯರೂಪವಾದ ಜಗತ್ತಿನಿಂದ ಅದರ ಕರ್ತೃವಾದ ಈಶ್ವರನನ್ನು ತರ್ಕದಿಂದಲೇ ಸಾಧಿಸಹೊರಟನು. ಮಧ್ವರು ಈ ದಾರಿಯನ್ನು ಹಿಡಿಯಲಿಲ್ಲ. ಬ್ರಹ್ಮವಸ್ತು ಆಗಮದಿಂದ ಮಾತ್ರ ತಿಳಿಯತಕ್ಕದ್ದು, ಆಗಮದ ನೆರವಿಲ್ಲದ ಒಣತರ್ಕಕ್ಕೆ ಎದುರಾಗಿ ಇನ್ನೊಂದು ತರ್ಕವನ್ನು ಯಾವಾಗಲೂ ಹೂಡಬಹುದು ಎಂಬುದು ಅವರ ಪಕ್ಷ. ಉದಯನನ ಬುದ್ಧಿಯ ಧೈರ್ಯಕ್ಕೆ ತಲೆಬಾಗುತ್ತೇನೆ. ಆದರೂ ಈ ವಿಷಯದಲ್ಲಿ ಮಧ್ವರ ಸಂಕೋಚವೇ ಹೆಚ್ಚು ಆಸ್ತಿಕವಾದುದೆಂದು ನನ್ನ ದೃಢವಾದ ಅಭಿಪ್ರಾಯ. ದೇವರನ್ನು ನಂಬುವವನು ನಂಬಿಕೆಯಿಂದಲೂ ಶಾಸ್ತ್ರದಿಂದಲೂ ನಂಬಲಿ. ಹೊಗೆಯನ್ನು ಕಂಡು ಬೆಂಕಿಯನ್ನು ಹೇಳುವ ಮಾತಿನ ಬಲವನ್ನು ಆ ನಂಬಿಕೆಗೆ ಎರವಲಾಗಿ ತರಬೇಕಾಗಿಲ್ಲ.

ಈ ಎರವಲಿನಿಂದ ದೇವರಿಗೆ ಹಾನಿಯಿಲ್ಲ, ಮನುಷ್ಯನಿಗೆ ಇದೆ. ಮಗುವಿನ ರೋಗವನ್ನೋ, ಯೌವನದಲ್ಲಿ ಬಂದ ವೈಧವ್ಯವನ್ನೋ ಕಂಡು, ಪೂರ್ವಜನ್ಮದಲ್ಲಿ ಇಂಥ ಪಾಪವನ್ನು ಮಾಡಿದ್ದರಿಂದಲೇ ಹೀಗಾಯಿತೆಂದು ನಿಶ್ಚಯವಾಗಿ ನುಡಿಯುವ ಜನ ನಮ್ಮಲ್ಲಿ ಇನ್ನೂ ಇದ್ದಾರೆ. ಕರ್ಮವುಂಟೆಂಬುದು ಶಾಸ್ತ್ರದ ಮಾತು, ಅದು ಇರಲಿ. ಆದರೆ ಈ ಮಗುವಿನ ಈ ಜ್ವರಕ್ಕೆ ಆ ಪಾಪವೇ ಕಾರಣವೆಂಬುದು ಆಡುವವನ ಊಹೆ. ಅಲ್ಲಿ ಒತ್ತಿ ನೋಡಲು ಕ್ಲಚ್ಚಿಲ್ಲ, ಬದಲಿಸಿ ನೋಡಲು ಗೇರಿಲ್ಲ, ಬೇರೆ ಕಾರಣಗಳನ್ನು ಒಂದೊಂದಾಗಿ ಕಳೆಯುವ ಉಪಾಯವಿಲ್ಲ, ಕಡೆಗೆ ಬಿಚ್ಚಿ ತೋರಿಸುವ ಹೊಣೆಯೂ ಇಲ್ಲ. ಒಂದು ಬೇರಿಂಗಿಗಾದರೂ ಇಷ್ಟು ಪರೀಕ್ಷೆಯನ್ನು ಬಯಸುವ ನಾವು, ನೊಂದವರ ಮೇಲೆ ಅದಾವುದೂ ಇಲ್ಲದೆ ತೀರ್ಪು ಕೊಡುವುದು ಅನ್ಯಾಯ. ಶಾಸ್ತ್ರದಲ್ಲಿ ಶ್ರದ್ಧೆಯುಳ್ಳ ಹಿರಿಯರು ಇನ್ನು ಮುಂದೆ ರೋಗಿಯ ಮನೆಗೆ ಹೋದಾಗ, ಅವನ ರೋಗಕ್ಕೆ ಪೂರ್ವಜನ್ಮದ ಕಾರಣವನ್ನು ಹೇಳುವುದನ್ನು ಬಿಟ್ಟುಬಿಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.