ಪೆನ್ಸಿಲ್ ಚುಕ್ಕೆ

ನಾನು ಬ್ಯಾಂಕಿಗೆ ಸೇರಿದ್ದು 1989ರಲ್ಲಿ. ಆಗ ಉಳಿತಾಯ ಖಾತೆಯ ಬಡ್ಡಿಯನ್ನು ಕೈಯಲ್ಲೇ ಲೆಕ್ಕ ಹಾಕಬೇಕು. ತಿಂಗಳ ಹತ್ತನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟು ಹಣವಿತ್ತೋ ಅಷ್ಟಕ್ಕೆ ಮಾತ್ರ ಬಡ್ಡಿ. (ದಿನದಿನದ ಬಾಕಿಗೆ ಬಡ್ಡಿ ಕೊಡತೊಡಗಿದ್ದು 2010ರ ಏಪ್ರಿಲ್‌ನಿಂದ.) ನಾನೋ ಇತಿಹಾಸ ಓದಿ ಬಂದವಳು. ಹತ್ತನೇ ತಾರೀಖನ್ನು ಮರೆತು, ಒಂದನೇ ತಾರೀಖಿನಿಂದಲೇ ಹಿಡಿದು ಹಾಳೆಗಟ್ಟಲೆ ಲೆಕ್ಕ ಮಾಡಿಟ್ಟಿದ್ದೆ. ಹೆಡ್ ಕ್ಲರ್ಕ್ ರಾಯರು ನೋಡಿದರು, ಏನೂ ಅನ್ನಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ "ಬಾಮ್ಮಾ ಇಲ್ಲಿ" ಎಂದು ಕರೆದು, ತಪ್ಪಿದ ಒಂದೊಂದು ಸಾಲಿಗೂ ಪೆನ್ಸಿಲಿನಲ್ಲಿ ಚುಕ್ಕೆಯಿಟ್ಟು ತೋರಿಸಿದರು. ಎಲ್ಲ ಸರಿಮಾಡಿದ ಮೇಲೆ ಆ ಚುಕ್ಕೆಗಳನ್ನೂ ರಬ್ಬರಿನಿಂದ ಅಳಿಸಿಬಿಟ್ಟರು. ಮ್ಯಾನೇಜರಿಗೆ ಇಂದಿಗೂ ಗೊತ್ತಿಲ್ಲ.

ಈಗ ತಿಪಟೂರಿನಲ್ಲಿದ್ದೇನೆ, ನಿವೃತ್ತಿಗೆ ಹೆಚ್ಚು ದಿನವಿಲ್ಲ. ನಮಗೆ ಪಾಠ ಹೇಳಲು ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಮೊದಲಿನ ಹಾಗೆ ಎಲ್ಲರನ್ನೂ ಒಂದು ಹಾಲಿನಲ್ಲಿ ಕೂಡಿಹಾಕಿ, ಊಟದ ನಂತರ ತೂಕಡಿಸುವಂತೆ ಮಾಡುವ ತರಬೇತಿಯಲ್ಲ. ಇದು ಮೊದಲು ನಾಲ್ಕು ಪ್ರಶ್ನೆ ಕೇಳುತ್ತದೆ. ಗೊತ್ತಿರುವುದನ್ನು ಬಿಡುತ್ತದೆ, ಗೊತ್ತಿಲ್ಲದ್ದನ್ನು ಹಿಡಿಯುತ್ತದೆ, ಎರಡು ದಿನ ಬಿಟ್ಟು ಅದನ್ನೇ ಇನ್ನೊಂದು ರೀತಿಯಲ್ಲಿ ಕೇಳುತ್ತದೆ. ಒಬ್ಬೊಬ್ಬರಿಗೂ ಅವರವರ ಅಳತೆಯ ರವಿಕೆ ಹೊಲಿದ ಹಾಗೆ.

ಚಿನ್ನದ ಸಾಲದ ಹೊಸ ನಿಯಮಗಳನ್ನು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿತು. ಮನೆಖರ್ಚಿನಂಥ ಸಾಲ ಎರಡೂವರೆ ಲಕ್ಷದೊಳಗಿದ್ದರೆ ಚಿನ್ನದ ಬೆಲೆಯ ನೂರಕ್ಕೆ 85ರವರೆಗೆ, ಐದು ಲಕ್ಷದವರೆಗೆ 80, ಅದರ ಮೇಲೆ 75. ಇಷ್ಟು ಸುಲಭ. ಆದರೆ ಕೊನೆಯಲ್ಲಿ ಒಂದೇ ಗಂಟಿನಲ್ಲಿ ತೀರಿಸುವ ಸಾಲವಾದರೆ ಬಡ್ಡಿಯೂ ಸೇರಿ ಆ ಮಿತಿಯೊಳಗಿರಬೇಕು. ನಾನು ಪ್ರತಿ ಸಲವೂ ಬಡ್ಡಿ ಬಿಟ್ಟೇ ಲೆಕ್ಕ ಹಾಕುತ್ತಿದ್ದೆ. ನನ್ನ ಊರು ಯಾವುದೆಂದು ತಿಳಿದ ಯಂತ್ರ, ಕೊಬ್ಬರಿ ಮಾರಾಟವಾಗುವವರೆಗೆ ಬಳೆ ಅಡವಿಡಲು ಬಂದ ಹೆಂಗಸಿನ ಉದಾಹರಣೆ ಕೊಟ್ಟಿತು. ಬಳೆಯ ಬೆಲೆ ಎರಡು ಲಕ್ಷ, ಮಿತಿ ಒಂದು ಲಕ್ಷ 70 ಸಾವಿರ. ವರ್ಷಕ್ಕೆ ನೂರಕ್ಕೆ ಹತ್ತು ಬಡ್ಡಿಯಾದರೆ ಕೈಗೆ ಕೊಡಬಹುದಾದದ್ದು ಸುಮಾರು ಒಂದು ಲಕ್ಷ 54 ಸಾವಿರ ಮಾತ್ರ. ರಾತ್ರಿ ಪಾತ್ರೆ ತೊಳೆದಿಟ್ಟು ಬಂದು ಅದನ್ನೇ ಕೇಳಿದೆ, ಮತ್ತೆ ಕೇಳಿದೆ. ಒಮ್ಮೆಯೂ ಅದು ನಿಟ್ಟುಸಿರು ಬಿಡಲಿಲ್ಲ. ನನ್ನ ಮಗನ ವಯಸ್ಸಿನ ಸಹೋದ್ಯೋಗಿಯನ್ನು ಎರಡನೇ ಸಲ ಕೇಳಲೂ ನಾಚಿಕೆಯಾಗುತ್ತಿತ್ತು.

ಅಮೆರಿಕದ ಬೆಂಜಮಿನ್ ಬ್ಲೂಮ್ 1984ರಲ್ಲಿ ಒಂದು ಲೇಖನ ಬರೆದರು. ಒಬ್ಬ ಶಿಷ್ಯನಿಗೆ ಒಬ್ಬ ಗುರು ಸಿಕ್ಕರೆ ಸಾಧಾರಣ ವಿದ್ಯಾರ್ಥಿಯೂ ಮಾಮೂಲು ತರಗತಿಯ ನೂರರಲ್ಲಿ 98 ಜನರನ್ನು ಮೀರಿಸುತ್ತಾನೆ ಎಂದು. ನಂತರದವರಿಗೆ ಅಷ್ಟು ದೊಡ್ಡ ಲಾಭ ಕಾಣಲಿಲ್ಲ, ಇರಲಿ. ಅಷ್ಟು ಗುರುಗಳನ್ನು ಎಲ್ಲಿಂದ ತರುವುದು ಎಂಬುದೇ ಬ್ಲೂಮ್ ಅವರ ಚಿಂತೆ. ಈಗ ಎಲ್ಲರ ಮೊಬೈಲಿಗೂ ಗುರು ಬಂದಾಯಿತು. ನಮ್ಮ ರಾಯರನ್ನು ಹೊಗಳಿದೆ, ಆದರೆ ಅಟೆಂಡರ್ ಏನಾದರೂ ಕೇಳಿದರೆ "ನಿನಗ್ಯಾಕಯ್ಯಾ ಅದು" ಎನ್ನುತ್ತಿದ್ದವರೂ ಅವರೇ. ಯಂತ್ರ ಹಾಗೆನ್ನುವುದಿಲ್ಲ.

ನನ್ನ ಮನಸ್ಸು ಕೆಟ್ಟದ್ದು ಬೇರೆ ಕಡೆ. ಚಿನ್ನದ ಸಾಲದ ಕೌಂಟರಿಗೆ ಯಾರನ್ನು ಹಾಕೋಣ ಎಂದು ಮ್ಯಾನೇಜರು ನನ್ನನ್ನು ಕರೆದರು. "ನೀವೇ ನೋಡಿ ಮೇಡಂ" ಎಂದು ಪರದೆ ತಿರುಗಿಸಿದರು. ಒಬ್ಬೊಬ್ಬರ ಹೆಸರಿನ ಎದುರೂ ಪಾಠ, ಅಂಕ, ಎಷ್ಟು ಸಲ ತಪ್ಪಿದ್ದು, ಎಷ್ಟು ಹೊತ್ತಿಗೆ ಓದಿದ್ದು. ಗಂಡ ತೀರಿಕೊಂಡ ಮೇಲೆ ಅನುಕಂಪದ ನೌಕರಿಗೆ ಬಂದ ಹುಡುಗಿಯ ಎದುರು ತೇರ್ಗಡೆ ಎಂದಿತ್ತು. ತಪ್ಪಿದ್ದು 14 ಸಲ. ಹೊತ್ತು ರಾತ್ರಿ ಹನ್ನೊಂದು. ಮಗು ಮಲಗಿದ ಮೇಲೆ ಓದುತ್ತಿದ್ದಳು ಎನ್ನುವುದು ಪರದೆಯ ಮೇಲಿರಲಿಲ್ಲ.

ಮಾರನೇ ದಿನ ಅವಳ ವೋಚರುಗಳನ್ನು ನಾನು ಎರಡೆರಡು ಸಲ ನೋಡಿದೆ. ಅದಕ್ಕೂ ಮೊದಲು ಎರಡು ವರ್ಷ ಹಾಗೆ ನೋಡಿರಲಿಲ್ಲ. "ಯಾಕೆ ಮೇಡಂ, ಏನಾದ್ರೂ ತಪ್ಪಾಯ್ತಾ?" ಎಂದಳು. ತಪ್ಪೇನೂ ಇರಲಿಲ್ಲ.

ಮ್ಯಾನೇಜರ ಮಾತೂ ಸುಳ್ಳಲ್ಲ. ಕಷ್ಟಕ್ಕೆ ತಾಳಿಸರ ತಂದವಳಿಗೆ ನಾವು ತಪ್ಪು ಲೆಕ್ಕ ಹೇಳಿದರೆ ಅವಳ ಗತಿಯೇನು? ಕೌಂಟರಿನಲ್ಲಿ ಕೂರುವವಳಿಗೆ ಕೆಲಸ ಬರುತ್ತದೋ ಇಲ್ಲವೋ ಎಂದು ತಿಳಿಯುವ ಹಕ್ಕು ಬ್ಯಾಂಕಿಗಿದೆ. ರಾಯರೂ ತಪ್ಪು ಬಡ್ಡಿಯನ್ನು ಹಾಗೇ ಬಿಡಲಿಲ್ಲವಲ್ಲ. ಆದರೆ ಕಲಿತ ಮೇಲೆ, ಎಡವಿದ್ದರ ಲೆಕ್ಕ ಯಾರಿಗೆ ಸೇರಿದ್ದು? ಎಷ್ಟು ಸಲ ಅಡಿಗೆ ಸೀದಿತ್ತೆಂದು ಬರೆದಿಟ್ಟು ಅತ್ತೆಗೆ ಕೊಡುವವರಿದ್ದರೆ ನಮ್ಮಲ್ಲಿ ಯಾರು ಒಲೆ ಹಚ್ಚುತ್ತಿದ್ದೆವು? ನನ್ನನ್ನು ಕಾಡಿದ್ದು ಯಂತ್ರವಲ್ಲ. ನೋಡಿದವಳು ನಾನು, ಅನುಮಾನಪಟ್ಟವಳೂ ನಾನು.

ಅವಳನ್ನೇ ಕೌಂಟರಿಗೆ ಹಾಕಿ ಎಂದೆ. ತಪ್ಪಿನ ಆ ಅಂಕಣ ತೆಗೆಸಿ ಎಂದೂ ಕೇಳಿದೆ. "ಅದು ಹೆಡ್ ಆಫೀಸಿಂದ ಬರುತ್ತೆ ಮೇಡಂ, ನನ್ನ ಕೈಲಿಲ್ಲ" ಎಂದರು. ಮೇಲಕ್ಕೆ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಸಂಜೆ ಬೀಗ ಹಾಕುವ ಮುಂಚೆ ಅವಳಿಗೆ ಹೇಳಿದೆ, ನಿನ್ನದನ್ನು ನೋಡಿಬಿಟ್ಟೆನಮ್ಮಾ ಎಂದು. ಮುಖ ಸಣ್ಣದಾಯಿತು. ಮೊಬೈಲಿನಲ್ಲಿ ನನ್ನದನ್ನು ತೆರೆದು ಅವಳ ಕೈಗೆ ಕೊಟ್ಟೆ. ಅದೇ ಪಾಠ, ತಪ್ಪಿದ್ದು 19 ಸಲ.

ತುಂಬ ಹೊತ್ತು ನೋಡಿದಳು.

"ಬಡ್ಡಿ ಸೇರಿಸೋದಾ ಮೇಡಂ?"

"ಹೂಂ."

"ನಂಗೂ ಅಲ್ಲೇ" ಎಂದಳು.