ತೀರ್ಪು ಬರುವ ತನಕ

1780ರ ಮೇ 19ರಂದು ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ ಹಾಡುಹಗಲೇ ಕತ್ತಲು ಕವಿಯಿತು. ಮಧ್ಯಾಹ್ನದ ಊಟಕ್ಕೆ ಮೇಣದಬತ್ತಿ ಹಚ್ಚಬೇಕಾಯಿತು. ಕೋಳಿಗಳು ಗೂಡು ಸೇರಿದವು, ಕಪ್ಪೆಗಳು ವಟಗುಟ್ಟತೊಡಗಿದವು. ಅಲ್ಲಿನವರು ಬೈಬಲ್ ಓದಿಕೊಂಡೇ ಬೆಳೆದ ಜನ. ಸೂರ್ಯ ಕಪ್ಪಾಗುವ ದಿನದ ಬಗ್ಗೆ ಚಿಕ್ಕಂದಿನಿಂದ ಕೇಳಿದ್ದರು. ಅಂತ್ಯಕಾಲ ಬಂದೇಬಿಟ್ಟಿತೆಂದು ಎಷ್ಟೋ ಮಂದಿ ಚರ್ಚಿಗೆ ಓಡಿದರು. ಆ ಹೊತ್ತಿಗೆ ಹಾರ್ಟ್‌ಫರ್ಡ್‌ನಲ್ಲಿ ಕನೆಕ್ಟಿಕಟ್‌ನ ಶಾಸನಸಭೆ ಸೇರಿತ್ತು. ಕೆಳಮನೆ ಕಲಾಪ ನಿಲ್ಲಿಸಿ ಎದ್ದಿತು. ಮೇಲ್ಮಂಡಳಿಯಲ್ಲೂ ಅದೇ ಮಾತು ಬಂದಾಗ ಏಬ್ರಹಾಂ ಡೇವನ್‌ಪೋರ್ಟ್ ಎಂಬ ಸದಸ್ಯ ಒಪ್ಪಲಿಲ್ಲ. ಇದು ನ್ಯಾಯತೀರ್ಪಿನ ದಿನವಲ್ಲ ಎಂದಾದರೆ ಏಳಬೇಕಾದ ಕಾರಣವೇ ಇಲ್ಲ, ಆ ದಿನವೇ ಆಗಿದ್ದರೆ ಕರ್ತನು ಬಂದಾಗ ತಾನು ಕೆಲಸದಲ್ಲಿರಬೇಕು ಎಂಬುದು ಆತನ ವಾದ. ಮೇಣದಬತ್ತಿ ತರಿಸಿ ಎಂದು ಕೇಳಿದ.

ಅಂದಿನ ಕತ್ತಲೆಗೆ ಕಾಡ್ಗಿಚ್ಚಿನ ಹೊಗೆಯೇ ಕಾರಣವೆಂದು ಇಂದಿನ ಸಂಶೋಧಕರು ಹೇಳುತ್ತಾರೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಹಳೆಯ ಮರಗಳ ಉಂಗುರಗಳಲ್ಲಿ ಆ ಬೆಂಕಿಯ ಗಾಯ ಉಳಿದಿದೆ. ಡೇವನ್‌ಪೋರ್ಟ್‌ಗೆ ಇದೊಂದೂ ಗೊತ್ತಿರಲಿಲ್ಲ. ಆತ ತೀರ್ಪಿನ ದಿನವನ್ನು ನಂಬದವನೂ ಅಲ್ಲ, ನಂಬಿದ್ದರಿಂದಲೇ ಕುರ್ಚಿ ಬಿಟ್ಟು ಕದಲಲಿಲ್ಲ.

ಕ್ರೈಸ್ತರಲ್ಲಿ ಈ ನಂಬಿಕೆ ಬೇರೊಂದು ದಾರಿಯನ್ನೂ ಹಿಡಿದದ್ದುಂಟು. ಅದೇ ಅಮೆರಿಕದಲ್ಲಿ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು 1844ರ ಅಕ್ಟೋಬರ್ 22ರಂದೇ ಕ್ರಿಸ್ತನು ಮರಳಿ ಬರುತ್ತಾನೆಂದು ಲೆಕ್ಕ ಹಾಕಿದ್ದರು. ಕೆಲವರು ಹೊಲದ ಬೆಳೆ ಕೊಯ್ಯದೆ ಬಿಟ್ಟರು. ಮರುದಿನವೂ ಎಂದಿನಂತೆ ಸೂರ್ಯ ಮೂಡಿದಾಗ ಅವರಿಗಾದ ಆಘಾತ ಚರಿತ್ರೆಯಲ್ಲಿ ‘ಮಹಾ ನಿರಾಶೆ’ ಎಂದೇ ಹೆಸರಾಗಿದೆ. ಅವರನ್ನು ಹಗುರವಾಗಿ ಕಾಣಬಾರದು. ನಂಬಿಕೆಗಾಗಿ ವರ್ಷದ ಅನ್ನವನ್ನೇ ಪಣಕ್ಕಿಟ್ಟವರು ಅವರು. ಆದರೆ ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದು ಎಂದು ಯೇಸುವೇ ಹೇಳಿದ್ದಾಗಿ ಸುವಾರ್ತೆಯಲ್ಲಿದೆ. ಆದಿ ಕ್ರೈಸ್ತರ ಥೆಸಲೋನಿಕದ ಸಭೆಯಲ್ಲೂ ದುಡಿಮೆ ಬಿಟ್ಟು ಅಲೆದಾಡುವವರಿದ್ದರು. ನೆಮ್ಮದಿಯಾಗಿ ದುಡಿದು ತಮ್ಮ ಅನ್ನ ತಾವು ತಿನ್ನಲಿ ಎಂಬುದು ಅಲ್ಲಿಗೆ ಹೋದ ಎರಡನೆಯ ಪತ್ರದ ಕಟ್ಟಪ್ಪಣೆ.

ಹಾಗಾದರೆ ಆ ದಿನ ಏನನ್ನು ವಿಚಾರಿಸಲಾಗುತ್ತದೆ? ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಷ್ಟು ಬಿಚ್ಚಿ ಹೇಳುವ ಭಾಗ ಬೈಬಲ್ಲಿನಲ್ಲಿ ಇನ್ನೊಂದಿಲ್ಲ. ಹಸಿದವನು, ಬಾಯಾರಿದವನು, ಪರದೇಶಿ, ಬಟ್ಟೆಯಿಲ್ಲದವನು, ರೋಗಿ, ಸೆರೆಯಲ್ಲಿರುವವನು ಅಲ್ಲಿ ಬರುತ್ತಾರೆ. ಅವರಿಗೆ ಮಾಡಿದ್ದು, ಮಾಡದೆ ಬಿಟ್ಟದ್ದು ಎರಡೂ ತನಗೇ ಸಲ್ಲುತ್ತದೆ ಎನ್ನುತ್ತಾನೆ ಸಿಂಹಾಸನದಲ್ಲಿ ಕುಳಿತ ಅರಸ. ಕಥೋಲಿಕ ಚರ್ಚುಗಳಲ್ಲಿ ಮೂರು ವರ್ಷಕ್ಕೊಮ್ಮೆ, ಪೂಜಾವರ್ಷದ ಕೊನೆಯ ಭಾನುವಾರ, ಈ ಭಾಗವನ್ನು ಓದುತ್ತಾರೆ. ಎಷ್ಟು ಸಲ ಕೇಳಿದರೂ ಇದರಲ್ಲೊಂದು ಸಂಗತಿ ಬೆಚ್ಚಿಬೀಳಿಸುತ್ತದೆ. ಬಲಗಡೆ ನಿಂತವರಿಗೂ ತಾವು ಯಾವಾಗ ಅರಸನಿಗೆ ಉಣಬಡಿಸಿದೆವು ಎಂಬುದು ನೆನಪಿಲ್ಲ. ಪುಣ್ಯದ ಖಾತೆ ಬರೆದಿಟ್ಟುಕೊಂಡವರಲ್ಲ ಅವರು. ಎದುರಿಗೆ ಹಸಿವು ಕಂಡಿತು, ಅನ್ನ ಹಾಕಿದರು.

ನಾಲ್ಕನೆಯ ಶತಮಾನದ ಕ್ರೈಸ್ತ ಗುರು ಬಾಸಿಲ್‌ಗೆ ಈ ಅಧ್ಯಾಯ ಬಾಯಿಪಾಠದ ವಿಷಯವಾಗಿರಲಿಲ್ಲ. 369ರ ಸುಮಾರಿಗೆ ಕಪದೋಕ್ಯದಲ್ಲಿ, ಅಂದರೆ ಇಂದಿನ ಟರ್ಕಿಯ ನಡುನಾಡಿನಲ್ಲಿ, ಭೀಕರ ಬರ ಬಿತ್ತು. ಉಳ್ಳವರು ಧಾನ್ಯ ಬಚ್ಚಿಟ್ಟು ಬೆಲೆ ಏರುವುದನ್ನೇ ಕಾಯುತ್ತಿದ್ದರು. ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಐಶ್ವರ್ಯವಂತನ ಸಾಮ್ಯವನ್ನು ಹಿಡಿದು ಬಾಸಿಲ್ ಅವರೆದುರೇ ಪ್ರಸಂಗ ಮಾಡಿದ. ಅದರಲ್ಲಿ ಒಬ್ಬ ಬಡ ತಂದೆ ಬರುತ್ತಾನೆ. ಮನೆಯಲ್ಲಿ ಕಾಳಿಲ್ಲ, ಒಂದು ಮಗುವನ್ನು ಮಾರಿದರೆ ಉಳಿದವು ಬದುಕಿಯಾವು. ಯಾವುದನ್ನು ಮಾರುವುದು? ದೊಡ್ಡವನನ್ನೇ? ಲೋಕವೇ ತಿಳಿಯದ ಚಿಕ್ಕದನ್ನೇ? ಅಪ್ಪನ ಮುಖವನ್ನೇ ಹೊತ್ತು ಬಂದದ್ದನ್ನೇ? ಕೊನೆಗೆ ಕಣ್ಣೀರಿಡುತ್ತ ಅವನು ಮಗುವನ್ನು ಕರೆತಂದಾಗ ಧಾನ್ಯದ ಒಡೆಯ ಬೆಲೆಗೆ ಚೌಕಾಸಿ ಮಾಡುತ್ತಾನೆ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಅಂಗಿ ಬಟ್ಟೆಯಿಲ್ಲದವನದೇ, ಅದನ್ನು ಇಟ್ಟುಕೊಂಡವನು ಅವನಿಗೆ ಬಾಕಿದಾರ ಎಂಬಲ್ಲಿಗೆ ಆ ಪ್ರಸಂಗ ಮುಟ್ಟುತ್ತದೆ.

ಆಮೇಲೆ ಬಿಷಪ್ ಆದ ಬಾಸಿಲ್ ಕೈಸರೇಯ ಪಟ್ಟಣದ ಹೊರಗೆ ದಾರಿಹೋಕರಿಗೆ ವಸತಿ, ರೋಗಿಗಳಿಗೆ ವೈದ್ಯರು, ಶುಶ್ರೂಷಕರು, ಬೇಕಾದ ಕಸುಬಿನವರು ಎಲ್ಲ ಇರುವ ನೆಲೆಯೊಂದನ್ನು ಕಟ್ಟಿದ. ಕುಷ್ಠರೋಗಿಗಳನ್ನು ಆತ ಮುದ್ದಿಟ್ಟು ಬರಮಾಡಿಕೊಳ್ಳುತ್ತಿದ್ದನೆಂದು ಗೆಳೆಯ ನಾಜಿಯಾನ್ಜಸ್‌ನ ಗ್ರೆಗೊರಿ ನೆನೆದಿದ್ದಾನೆ. ಮಂಗಳೂರಿಗೆ ಬಂದ ಜರ್ಮನ್ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಔಷಧಿ ಕೊಡಲು ಶುರುಮಾಡಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದದ್ದೂ ಇದೇ ಪರಂಪರೆಯಲ್ಲಿ.

ಇಲ್ಲೊಂದು ಹಳೆಯ ತಕರಾರಿದೆ. ರಕ್ಷಣೆ ಕೃಪೆಯಿಂದ, ವಿಶ್ವಾಸದಿಂದ ಎಂದು ಸಾರುವ ಪೌಲನೇ ಎಲ್ಲರೂ ಕ್ರಿಸ್ತನ ನ್ಯಾಯಾಸನದ ಮುಂದೆ ನಿಲ್ಲಬೇಕು ಎಂದೂ ಬರೆಯುತ್ತಾನೆ. ಲೂಥರ್‌ನಿಂದೀಚೆಗೆ ಈ ಎರಡು ಮಾತುಗಳನ್ನು ಹೇಗೆ ಕೂಡಿಸುವುದೆಂದು ಗ್ರಂಥಗಳೇ ಹುಟ್ಟಿವೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಬೆಂಕಿ ಪ್ರತಿಯೊಬ್ಬನ ಕಟ್ಟಡವನ್ನು ಪರೀಕ್ಷಿಸುತ್ತದೆ; ಕಟ್ಟಡ ಸುಟ್ಟುಹೋದರೂ ಕಟ್ಟಿದವನು ಹೇಗೋ ಪಾರಾಗುತ್ತಾನೆ. ಕೃಪೆ ಸುಳ್ಳಾಗಲಿಲ್ಲ, ಬದುಕಿನ ತೂಕವೂ ಕಮ್ಮಿಯಾಗಲಿಲ್ಲ. ತಾನು ಉಳಿಯುತ್ತೇನೆಂಬ ಭರವಸೆಯಿದ್ದವನು ತನ್ನ ಗತಿಯ ಚಿಂತೆ ಬಿಟ್ಟು ನೆರೆಯವನ ಕಡೆ ತಿರುಗಬಲ್ಲ. ನರಕದ ಹೆದರಿಕೆಯಿಂದಷ್ಟೇ ಕೊಡುವವನ ಕಣ್ಣು ಕೊಡುವಾಗಲೂ ತನ್ನ ಮೇಲೆಯೇ ಇರುತ್ತದೆ.

ಮತ್ತಾಯನ ಪಟ್ಟಿಯಲ್ಲಿ ಇಂದಿನ ಸಭೆಗಳು ಹೆಚ್ಚು ಮರೆತಿರುವುದು ಕೊನೆಯ ಹೆಸರನ್ನು. ಆಸ್ಪತ್ರೆ, ಅನಾಥಾಲಯ, ಶಾಲೆಗಳಿಗೆ ದಾನಿಗಳು ಸಿಗುತ್ತಾರೆ. ಜೈಲಿನ ಬಾಗಿಲಿಗೆ ಹೋಗುವವರು ವಿರಳ. ಸೆರೆಯಲ್ಲಿದ್ದವನು ನಿರಪರಾಧಿಯಾಗಿರಬೇಕೆಂಬ ಷರತ್ತು ಆ ಅಧ್ಯಾಯದಲ್ಲಿಲ್ಲ. ನಮ್ಮ ದೇಶದಲ್ಲಂತೂ ಸೆರೆಯಲ್ಲಿರುವವರಲ್ಲಿ ಹೆಚ್ಚಿನವರ ಅಪರಾಧ ಸಾಬೀತೇ ಆಗಿಲ್ಲ: ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2022ರ ಕೊನೆಗೆ ನೂರಕ್ಕೆ 75ಕ್ಕೂ ಹೆಚ್ಚು ಕೈದಿಗಳು ವಿಚಾರಣಾಧೀನರು. ಜಾಮೀನು ಮಂಜೂರಾದರೂ ಶ್ಯೂರಿಟಿ ನಿಲ್ಲುವವರಿಲ್ಲದೆ ಒಳಗೇ ಉಳಿದವರೂ ಅವರಲ್ಲಿದ್ದಾರೆ. ಅಂತಿಮ ತೀರ್ಪನ್ನು ಎದುರುನೋಡುವ ವಿಶ್ವಾಸಿಗೆ, ತೀರ್ಪಿಗಾಗಿಯೇ ವರ್ಷಗಟ್ಟಲೆ ಕಾದು ಕುಳಿತ ಇವರಿಗಿಂತ ಹತ್ತಿರದವರು ಯಾರು? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಇವರಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ. ಅದು ತಿಳಿಯದೆ ಸಾಲ ಮಾಡುವ ಮನೆಯವರಿಗೆ ಹೋಗಿ ಹೇಳಲು, ಅರ್ಜಿ ಬರೆದುಕೊಡಲು, ಭೇಟಿಯ ದಿನ ಬಸ್ ಚಾರ್ಜು ಕೊಟ್ಟು ಜತೆಗೆ ಹೋಗಲು ಸಭೆಯಿಂದ ಒಬ್ಬರು ಸಾಕು.